ಹರಕೆಯೂ ಇರಲಿ, ಔಷಧವೂ ಇರಲಿ

ಜ್ವರ ಬಂದರೆ ವೈದ್ಯರಲ್ಲಿಗೆ ಓಡುವ ನಾವು, ಮನಸ್ಸಿಗೆ ಕಾಯಿಲೆಯಾದರೆ ಮಾತ್ರ "ಗಾಳಿ ಸೋಕಿದೆ" ಎಂದು ಮುಚ್ಚಿಡುತ್ತೇವೆ. ಎರಡು ವಾರ ಕಳೆದರೂ ಊಟ, ನಿದ್ರೆ, ಕೆಲಸ ಯಾವುದೂ ಬೇಡವೆನಿಸುವುದು, ಇಲ್ಲದ ದನಿ ಕೇಳಿಸುವುದು, ಮನೆಯವರನ್ನೇ ಸಂಶಯಿಸುವುದು, ಇವು ರೋಗದ ಚಿಹ್ನೆಗಳಾಗಿರಬಹುದು. ಸಾಯುವ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಿಗೆ ತೋರಿಸಬೇಕು.

ಹರಕೆ ಹೊರಬೇಡಿರೆಂದು ನಾವು ಹೇಳುವುದಿಲ್ಲ. ಅದರಿಂದ ಮನೆಮಂದಿಗೆ ಧೈರ್ಯ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಕೃಪೆಗೆಂದು ಕರೆತಂದ ರೋಗಿಗಳನ್ನು ಸರಪಳಿಯಿಂದ ಬಿಗಿದಿಟ್ಟಿದ್ದರು. 2001ರ ಆಗಸ್ಟ್ 6ರಂದು ಅವರಿದ್ದ ಚಪ್ಪರಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಉನಾವಾ ದರ್ಗಾದಲ್ಲಿಯಾದರೋ 2008ರಲ್ಲಿ ಬೇರೆ ದಾರಿ ಹಿಡಿದರು: ದುವಾ ಬೇಡಿ ಬಂದವರನ್ನು ಮುಜಾವರರೇ ವೈದ್ಯರ ಬಳಿಗೂ ಕಳುಹಿಸತೊಡಗಿದರು.

ಪರಊರಿನಲ್ಲಿರುವ ನಮಗೆ ಸಂಕಟವನ್ನು ನಮ್ಮ ನುಡಿಯಲ್ಲಿ ಯಾರಲ್ಲಿ ಹೇಳುವುದೆಂಬ ಚಿಂತೆ ಬೇಡ. ಸರಕಾರದ ಟೆಲಿ-ಮಾನಸ್ ಸೇವೆಗೆ, 14416ಕ್ಕೆ, ಹಗಲಿರುಳು ಉಚಿತವಾಗಿ ಫೋನು ಮಾಡಬಹುದು. ಅಲ್ಲಿ ಕನ್ನಡವೂ ಉಂಟು. ವಾಚಕರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕಾಗಿ ವಿನಂತಿ.