ಮಾದರಿಯಿಲ್ಲದ ಕ್ರೋಷಾ ಹೆಣಿಗೆ ಮತ್ತು ದಾನದ ಹೊದಿಕೆ



ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು ಬಿತ್ತುವುದನ್ನು ನೀವೆಲ್ಲರೂ ಬಲ್ಲಿರಿ. ದೂರದಿಂದ ನೋಡಿದವರಿಗೆ ಅದು ಕಲಸುಮೇಲೋಗರ. ಬಿತ್ತಿದವರಿಗೆ ಮಾತ್ರ ಅದರ ಲೆಕ್ಕ ಗೊತ್ತು. ಪುಸ್ತಕದ ಮಾದರಿಯನ್ನು ನೋಡದೆ ಹಾಕುವ ಕ್ರೋಷಾ ಹೆಣಿಗೆಯೂ ಹಾಗೆಯೇ. ಬೇಸಾಯ ಓದಿದ ಗ್ರಾಮಸೇವಕನಿಗೆ ಈ ಗೊಡವೆ ಏಕೆಂದು ನಗಬೇಡಿ. ಕಳೆದ ಚಳಿಗಾಲದಲ್ಲಿ ಅತ್ತಿಗೆಯವರ ಬಳಿ ಕುಳಿತು ನಾನೂ ಕಡ್ಡಿ ಹಿಡಿದೆ.

ಮೊದಲು ಕಲಿಯಬೇಕಾದುದು ಮೂರೇ: ಸರಪಳಿ, ಗಿಡ್ಡ ಕಂಬ, ಉದ್ದ ಕಂಬ. ದುಂಡು ತುಂಡಿಗೆ ಮೊದಲ ಸುತ್ತಿನಲ್ಲಿ 6 ಗಿಡ್ಡ ಕಂಬ ಹಾಕಿ, ಮುಂದೆ ಸುತ್ತಿಗೆ 6ರಂತೆ ಹೆಚ್ಚಿಸಿದರೆ ಅದು ರೊಟ್ಟಿಯಂತೆ ಸಮತಟ್ಟಾಗಿ ಬರುತ್ತದೆ. ಕಡಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ. ಮಿತಿಮೀರಿ ಹೆಚ್ಚಿಸಿದರೆ ಅಂಚು ನಿರಿಗೆಗಟ್ಟುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗಣಿತಜ್ಞೆ ಡೈನಾ ಟೈಮಿನಾ ಅವರು 1997ರಲ್ಲಿ ಈ ನಿರಿಗೆಯಿಂದಲೇ ರೇಖಾಗಣಿತದ ಕಠಿಣ ಪಾಠವೊಂದನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ನಿಮ್ಮ ತುಂಡು ನೆಟ್ಟಗೆ ಕೂರದಿದ್ದರೆ ಎಣಿಕೆ ನೋಡಿಕೊಳ್ಳಿ, ಅಷ್ಟೆ.

ಹೀಗೆ ಅಂಗೈಯಗಲದ ತುಂಡುಗಳನ್ನು ಮನಸ್ಸಿಗೆ ಬಂದ ಆಕಾರದಲ್ಲಿ, ಉಳಿದ ದಾರದಲ್ಲೇ ಹಾಕಿಡಬಹುದು. ಹಳೆಯ ಸೀರೆಯನ್ನು ಹೊದಿಕೆಯ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿ, ತುಂಡುಗಳನ್ನು ಅದರ ಮೇಲೆ ಹೊಂದಿಸಿ. ಸಂದು ಉಳಿದ ಕಡೆ ಗಿಡ್ಡ ಕಂಬದಿಂದ ತುಂಬಿ, ಅಂಚಿಗೆ ಅಂಚು ಸೇರಿಸಿ, ಆಮೇಲೆ ಸೀರೆಯನ್ನು ತೆಗೆಯಿರಿ. ಹತ್ತು ಮನೆಯವರು ಸೇರಿದರೆ ಒಬ್ಬರಿಗೂ ಹೊರೆಯಾಗದು. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಮಹಿಳೆಯರು ಹೀಗೆ ಚೌಕಗಳನ್ನು ಕೂಡಿಸಿ 11,148 ಚದರ ಮೀಟರಿನ ಹೊದಿಕೆ ಹಾಸಿ ವಿಶ್ವದಾಖಲೆ ಮಾಡಿದರು. ಬಳಿಕ ಅದನ್ನು ಬಿಡಿಸಿ ಬಡವರಿಗೆ ಹಂಚಲು ಕೊಟ್ಟರು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಕಡಮೆ ತೂಕದ, ಎಂದರೆ ಎರಡೂವರೆ ಕಿಲೋ ಮುಟ್ಟದ ಶಿಶುಗಳ ಮೈ ಬೇಗ ತಣ್ಣಗಾಗುತ್ತದೆ, ತಲೆ ಮುಚ್ಚಿರಬೇಕು ಎಂದು ಕೇಳಿದ್ದೆ. ಉತ್ಸಾಹದಿಂದ ಐದು ಟೋಪಿ ಹಾಕಿ ಆಸ್ಪತ್ರೆಗೆ ಒಯ್ದೆ. ಬಣ್ಣಬಣ್ಣದ ಹೂವು, ಜಾಲರಿ, ಮೇಲೊಂದು ಗೊಂಡೆ! ದಾದಿಯವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಈ ತೂತಿಗೆ ಕೂಸಿನ ಬೆರಳು ಸಿಕ್ಕಿ ದಾರ ಬಿಗಿದುಕೊಂಡರೆ ಏನು ಮಾಡ್ತೀರಿ ಸ್ವಾಮಿ?" ಎಂದು ಐದನ್ನೂ ಹಿಂದಕ್ಕೆ ಕೊಟ್ಟರು. ಬೆರಳಿಗೆ ದಾರ ಸುತ್ತಿದರೆ ರಕ್ತ ಓಡಾಡದೆ ಬೆರಳಿಗೇ ಕುತ್ತು. ಆ ದಿನ ಬಹಳ ನಾಚಿಕೆಯಾಯಿತು.

ಆದುದರಿಂದ ಕೂಸಿನ ಟೋಪಿಗೆ ಮೆತ್ತನೆಯ ಹತ್ತಿ ದಾರ, ಒತ್ತಾದ ಗಿಡ್ಡ ಕಂಬ ಮಾತ್ರ. ಗೊಂಡೆ, ಗುಂಡಿ ಕೂಡದು. ಮನಬಂದ ಆಕಾರದ ಹೆಣಿಗೆಯನ್ನು ದೊಡ್ಡವರ ಹೊದಿಕೆಗೆ ಇಟ್ಟುಕೊಳ್ಳಿ. ಅಲ್ಲಿಯೂ ಉಣ್ಣೆಯನ್ನೂ ಅಕ್ರಿಲಿಕ್ ದಾರವನ್ನೂ ಬೆರೆಸಬೇಡಿ. ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗದು. ಒಂದೇ ಒಗೆತಕ್ಕೆ ಹೊದಿಕೆ ಸೊಟ್ಟಗಾಗುತ್ತದೆ. ಒಲೆಯ ಬಳಿ ಮಲಗುವ ಅಜ್ಜಿಗೆ ಅಕ್ರಿಲಿಕ್ ಬೇಡವೇ ಬೇಡ. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕೆಂಪು ದಾರವನ್ನು ಮೊದಲು ನೆನೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು, ಬಣ್ಣ ಬಿಡುವುದೋ ನೋಡಿ.

ಕೊಡುವ ಮುನ್ನ ಹೊದಿಕೆಯನ್ನು ಒಗೆದು ನೆರಳಿನಲ್ಲಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ.