ಮೂರು ದಿನದ ಮದ್ದು, ಆರು ವಾರದ ಮದ್ದು

ಅಮ್ಮನ ಮುಖ ದುಂಡಗಾದ ವರ್ಷ ನಮ್ಮ ಬೀದಿಯವರೆಲ್ಲ ಸಂತೋಷಪಟ್ಟರು. "ಈಗ ಮೈಕೈ ತುಂಬ್ಕೊಂಡಿದೀರಿ ನೋಡಿ ಅಕ್ಕಾ, ಹೋದ್ವರ್ಷ ಕಡ್ಡಿ ಥರ ಇದ್ರಿ" ಎಂದು ಹೂವು ಮಾರುವವಳೂ ಹೇಳಿದ್ದಳು. ಅದಕ್ಕೂ ಹಿಂದಿನ ಎರಡು ವರ್ಷ ಅಮ್ಮ ಬೆಳಗ್ಗೆ ಎದ್ದರೆ ಬೆರಳು ಮಡಚಲಾಗುತ್ತಿರಲಿಲ್ಲ. ಬಿಸಿನೀರಿನ ತಂಬಿಗೆಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಒಂದು ಗಂಟೆ ಕೂತಿರುತ್ತಿದ್ದಳು. ಸೀರೆಯ ನೆರಿಗೆ ಹಿಡಿಯಲು ಅಕ್ಕ ಬೇಕಿತ್ತು. ಆಗ ವೈದ್ಯರೊಬ್ಬರು ಚಿಕ್ಕದೊಂದು ಬಿಳಿ ಗುಳಿಗೆ ಬರೆದುಕೊಟ್ಟರು. ನಾಲ್ಕನೆಯ ದಿನ ಅಮ್ಮ ತಾನೇ ರೊಟ್ಟಿ ತಟ್ಟಿದಳು. ಗುಳಿಗೆ ಯಾವುದೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದೇ ಹಳೆಯ ಚೀಟಿ ತೋರಿಸಿ ಏಳು ವರ್ಷ ಅಂಗಡಿಯಿಂದ ತಂದೆವು. ಏಳನೆಯ ವರ್ಷ, ಜಾರಿಯೂ ಇಲ್ಲ, ಬಿದ್ದೂ ಇಲ್ಲ, ಬಗ್ಗಿ ಅರ್ಧ ಕೊಡ ನೀರು ಎತ್ತುವಾಗ ಅವಳ ಬೆನ್ನುಮೂಳೆಯ ಒಂದು ಮಣಿ ಕುಸಿಯಿತು.

ಆ ಗುಳಿಗೆ ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. ದುಂಡು ಮುಖ ಆರೋಗ್ಯದ ಲಕ್ಷಣವಾಗಿರಲಿಲ್ಲ, ಮದ್ದಿನದೇ ಲಕ್ಷಣವಾಗಿತ್ತು. ಇದು ನಮ್ಮ ಮನೆಗೆ ಬಂದ ದಾರಿಯನ್ನು ಹುಡುಕುತ್ತಾ ಹೋದಾಗ ನಾನು 1948ರಲ್ಲಿ ಬಂದು ನಿಂತೆ. ಅದನ್ನು ದಾಟಿ ಮುಂದಕ್ಕೆ ಹೋಗಲು ಬಹಳ ದಿನ ನನಗೆ ಮನಸ್ಸು ಬರಲಿಲ್ಲ.

ಅಮೆರಿಕದ ಮಿನಿಸೋಟ ರಾಜ್ಯದ ರಾಚೆಸ್ಟರ್ ಊರಿನ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. ಹುಟ್ಟುವಾಗಲೇ ಅಂಗುಳ ಸೀಳಿತ್ತು, ಮಾತು ಅಸ್ಪಷ್ಟ. ಆದರೆ ರೋಗಿಯ ಮಾತನ್ನು ಅವರಷ್ಟು ಗಮನವಿಟ್ಟು ಕೇಳಿದವರು ಕಡಿಮೆ. 1929ರ ಏಪ್ರಿಲ್‌ನಲ್ಲಿ ಅರವತ್ತೈದು ವರ್ಷದ ರೋಗಿಯೊಬ್ಬರು, ಅವರೂ ವೈದ್ಯರೇ, ತನಗೆ ಕಾಮಾಲೆ ಬಂದ ಮೇಲೆ ಕೀಲುನೋವು ಇಳಿದುಹೋಯಿತು ಎಂದರು. ಹೆಂಚ್ ಅದನ್ನು ತಳ್ಳಿಹಾಕಲಿಲ್ಲ. ಬಸುರಿಯರಲ್ಲೂ ಸಂಧಿವಾತ ಇಳಿಯುವುದನ್ನು ಗುರುತು ಹಾಕಿಕೊಂಡರು. ಈ ಕಾಯಿಲೆ ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಮೈಯೊಳಗೇ ಯಾವುದೋ ವಸ್ತು ಇದನ್ನು ತಡೆಯುತ್ತಿದೆ ಎಂದು ಅವರಿಗೆ ಅನಿಸಿತು. ಅದಕ್ಕೆ 'ಎಕ್ಸ್' ಎಂದು ಹೆಸರಿಟ್ಟರು.

ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನ ವಿಜ್ಞಾನಿ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಿಂದ ವಸ್ತುಗಳನ್ನು ಒಂದೊಂದಾಗಿ ಬಿಡಿಸಿ ಎ, ಬಿ, ಸಿ ಎಂದು ಕರೆಯುತ್ತಿದ್ದರು. ಅವುಗಳಲ್ಲಿ 'ಇ' ವಸ್ತುವನ್ನು ಸಂಧಿವಾತಕ್ಕೆ ಕೊಟ್ಟು ನೋಡಬೇಕು ಎಂದು ಹೆಂಚ್ 1941ರಲ್ಲೇ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಕೊಡಲು ವಸ್ತು ಇರಲಿಲ್ಲ. ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ದನದ ಪಿತ್ತರಸದಿಂದ ಹೊರಟು, ಮೂವತ್ತಕ್ಕೂ ಹೆಚ್ಚು ಹಂತಗಳನ್ನು ದಾಟಿ, ಅದನ್ನು ತಯಾರಿಸುವ ಹೊತ್ತಿಗೆ ಮಹಾಯುದ್ಧವೇ ಮುಗಿಯುತ್ತ ಬಂದಿತ್ತು. ಕೆಲವೇ ಗ್ರಾಮು ಹೆಂಚ್ ಕೈಗೆ ಬರಲು 1948 ಆಗಬೇಕಾಯಿತು.

ಆ ಬೇಸಿಗೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಅಲ್ಲಿ ದಾಖಲಾಗಿದ್ದಳು. ವೈದ್ಯಚರಿತ್ರೆ ಅವಳನ್ನು 'ಮಿಸೆಸ್ ಜಿ' ಎಂದಷ್ಟೇ ಕರೆಯುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತು. ಗುಣವಾಗದೆ ಇಲ್ಲಿಂದ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಮದ್ದು ಕೊಟ್ಟು ಕಾಮಾಲೆ ಬರಿಸಿ ನೋಡುವ ಪ್ರಯತ್ನವೂ ಆಯಿತು, ಫಲಿಸಲಿಲ್ಲ. ಸೆಪ್ಟೆಂಬರ್ 21ರಂದು 'ಇ' ವಸ್ತುವಿನ ಮೊದಲ ಚುಚ್ಚುಮದ್ದು, ದಿನಕ್ಕೆ 100 ಮಿಲಿಗ್ರಾಂ. ಎರಡು ದಿನ ಕಳೆಯುವಷ್ಟರಲ್ಲಿ ಅವಳು ಸಲೀಸಾಗಿ ಮಗ್ಗುಲು ತಿರುಗಿದಳು. ಮೂರನೆಯ ದಿನ ನಡೆದಳು. ವಾರ ತುಂಬುವ ಹೊತ್ತಿಗೆ, 28ನೇ ತಾರೀಖು, ಪೇಟೆಗೆ ಹೋಗಿ ಮೂರು ಗಂಟೆ ಸಾಮಾನು ಕೊಂಡು ಬಂದಳು.

1949ರ ಏಪ್ರಿಲ್ 20ರಂದು ಹೆಂಚ್ ತಮ್ಮ ಸಹವೈದ್ಯರಿಗೆ ಇಂಥ ರೋಗಿಗಳ ಚಲನಚಿತ್ರ ತೋರಿಸಿದರು. ಮೊದಲು ಕುರ್ಚಿಯಿಂದ ಏಳಲಾಗದವರು, ಆಮೇಲೆ ಅವರೇ ಮೆಟ್ಟಿಲು ಹತ್ತುವುದು. 'ಇ' ವಿಟಮಿನ್ ಜೊತೆ ಗೊಂದಲವಾಗದಿರಲೆಂದು ವಸ್ತುವಿಗೆ ಕಾರ್ಟಿಸೋನ್ ಎಂದು ಹೆಸರಾಯಿತು. ಗ್ರಾಮಿಗೆ 200 ಡಾಲರ್ ಬೆಲೆ, ಆದರೂ ಜನ ಮುಗಿಬಿದ್ದರು. ಮರುವರ್ಷವೇ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು.

ನನ್ನನ್ನು ತಡೆದು ನಿಲ್ಲಿಸಿದ್ದು ಇದಲ್ಲ. ಮಿಸೆಸ್ ಜಿ ಮೊದಲ ಚುಚ್ಚುಮದ್ದು ಪಡೆಯುವುದಕ್ಕೆ ಸುಮಾರು ಆರು ವಾರ ಮೊದಲು, ಅದೇ ದೇಶದ ನ್ಯೂಯಾರ್ಕ್ ರಾಜ್ಯದಲ್ಲಿ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಹಾಸಿಗೆಯಲ್ಲೇ ಹೃದಯಾಘಾತದಿಂದ ಸತ್ತಿದ್ದರು. ಆಗ ಅವರಿಗೆ 53 ವರ್ಷ. ಇವತ್ತು ನಮ್ಮಮ್ಮ ನುಂಗುವ ಮದ್ದು ಅವರ ಪ್ರಯೋಗಾಲಯದ್ದು.

ಸುಬ್ಬರಾವ್ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಮೇಲಂಗಿ ತೊಟ್ಟರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ ಸಿಕ್ಕಿತು. ಹೊಟ್ಟೆಯ ಸ್ಪ್ರೂ ಕಾಯಿಲೆ ಸೋದರರನ್ನು ಕೊಂದಿತ್ತು. ಅದೇ ಅವರಿಗೂ ಬಂದಾಗ ಬದುಕಿಸಿದ್ದು ಆಯುರ್ವೇದದ ಮದ್ದು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಮಾಡಿ, ಹೆಂಡತಿಯನ್ನು ಊರಲ್ಲೇ ಬಿಟ್ಟು, ಬಾಸ್ಟನ್‌ಗೆ ಹೋದರು. ಹಗಲು ಹಾರ್ವರ್ಡ್, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತುವ ಕೆಲಸ. ರಕ್ತದಲ್ಲಿ ರಂಜಕ ಅಳೆಯುವ ಫಿಸ್ಕೆ–ಸುಬ್ಬರಾವ್ ವಿಧಾನ ಬಂದಿದ್ದು 1925ರಲ್ಲಿ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗಕ್ಕೆ ಮನೆಮನೆಗೆ ಹಂಚುತ್ತಿದ್ದರಲ್ಲ, ಆ ಡಿಇಸಿ ಮಾತ್ರೆ ಕೂಡ ಅವರ ತಂಡದ್ದೇ. ನಾನು ಓದಿದ ಯಾವ ಪಠ್ಯದಲ್ಲೂ ಈ ಮನುಷ್ಯನ ಹೆಸರಿರಲಿಲ್ಲ. ಇದು ನನಗೆ ಈಗಲೂ ನುಂಗಲಾಗದ ಸಂಗತಿ.

ಲೆಡರ್ಲೆಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಆಮೇಲೆ, ನೋಡಲು ಅದರಂತೆಯೇ ಇದ್ದು ಅದರ ಕೆಲಸವನ್ನು ಕೆಡಿಸುವ ಅಮಿನೋಪ್ಟೆರಿನ್ ಎಂಬ ವಸ್ತುವನ್ನೂ ಮಾಡಿತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟು, ಹತ್ತು ಮಕ್ಕಳು ಚೇತರಿಸಿಕೊಂಡದ್ದನ್ನು 1948ರ ಜೂನ್‌ನಲ್ಲಿ ಪ್ರಕಟಿಸಿದರು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ಅದಕ್ಕೂ ಮೊದಲು ಅಷ್ಟೂ ಇರಲಿಲ್ಲ. 1951ರಲ್ಲಿ ರಿಚರ್ಡ್ ಗಬ್ನರ್ ಎಂಬ ವೈದ್ಯರು ಅದೇ ಅಮಿನೋಪ್ಟೆರಿನ್ ಸಂಧಿವಾತವನ್ನೂ ಇಳಿಸುತ್ತದೆ, ಜೊತೆಗೆ ಸೋರಿಯಾಸಿಸ್ ಚರ್ಮವನ್ನೂ ತಿಳಿಗೊಳಿಸುತ್ತದೆ ಎಂದು ಬರೆದರು. ಕೀಲಿನ ವೈದ್ಯರು ತಿರುಗಿ ನೋಡಲಿಲ್ಲ. ಆ ವರ್ಷಗಳಲ್ಲಿ ಅವರ ಕಣ್ಣೆಲ್ಲ ಕಾರ್ಟಿಸೋನ್ ಮೇಲಿತ್ತು. ಮೂರು ದಿನದಲ್ಲಿ ನಡೆಸುವ ಮದ್ದು ಕೈಯಲ್ಲಿರುವಾಗ ವಿಷದ ಮದ್ದಿಗೆ ವಾರಗಟ್ಟಲೆ ಕಾಯುವವರು ಯಾರು?

ಕಾರ್ಟಿಸೋನ್ ತನ್ನ ಸಾಲ ವಸೂಲಿ ಮಾಡಲು ತಡಮಾಡಲಿಲ್ಲ. ಚಂದ್ರನಂತೆ ಊದಿದ ಮುಖ, ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು, ಟೊಳ್ಳಾಗುವ ಮೂಳೆ, ಕಣ್ಣಿನ ಪೊರೆ, ಕೆಲವರಲ್ಲಿ ಬುದ್ಧಿಭ್ರಮಣೆ. ಮಿಸೆಸ್ ಜಿ ಕೂಡ ಮಾನಸಿಕ ತೊಂದರೆ ಅನುಭವಿಸಿದಳು. ಹೊರಗಿನಿಂದ ಬರುತ್ತಿದ್ದರೆ ಮೈಯ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಕುಗ್ಗುತ್ತದೆ. 1952ರಲ್ಲಿ, ಮದ್ದು ನಿಲ್ಲಿಸಿ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಯೊಬ್ಬ ಹಾಗೆ ಸತ್ತದ್ದು ವರದಿಯಾಯಿತು. 1954ರಲ್ಲಿ ಬ್ರಿಟನ್ನಿನ ವೈದ್ಯರು ವರ್ಷವಿಡೀ ಹೋಲಿಸಿ ನೋಡಿ, ಕಾರ್ಟಿಸೋನ್ ಪಡೆದವರಿಗೂ ಬರೀ ಆಸ್ಪಿರಿನ್ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಹೆಂಚ್ ಮೊದಲಿನಿಂದಲೂ ಇದು ರೋಗ ವಾಸಿ ಮಾಡುವ ಮದ್ದಲ್ಲ ಎಂದು ಎಚ್ಚರಿಸುತ್ತಲೇ ಇದ್ದರು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಮೆಕ್ಸಿಕೋದ ಕಾಡುಗೆಣಸು ಮತ್ತು ಬ್ರೆಡ್ಡಿನ ಬೂಷ್ಟು ಸೇರಿ ತಯಾರಿಕೆ ಅಗ್ಗವಾಯಿತು. 1955ರಲ್ಲಿ ಇನ್ನಷ್ಟು ಬಲವಾದ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಬಂದವು. ಬೆಲೆ ಇಳಿದಷ್ಟೂ ಗುಳಿಗೆ ಹಳ್ಳಿಯತ್ತ ನಡೆಯಿತು.

ಅಮಿನೋಪ್ಟೆರಿನ್‌ನ ತಮ್ಮನಂಥ ಮೆಥೊಟ್ರೆಕ್ಸೇಟ್ ಅನ್ನು ಚರ್ಮರೋಗದ ವೈದ್ಯರು ಮಾತ್ರ ಕೈಬಿಡಲಿಲ್ಲ. ಕೀಲಿನ ವೈದ್ಯರು ಅದನ್ನು ವಾರಕ್ಕೊಮ್ಮೆ, ಕಡಿಮೆ ಪ್ರಮಾಣದಲ್ಲಿ ಸರಿಯಾಗಿ ಪರೀಕ್ಷಿಸಿದ್ದು 1980ರ ದಶಕದಲ್ಲಿ. ಸಂಧಿವಾತಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 1988ರಲ್ಲಿ. ಗಬ್ನರ್ ಬರೆದು 37 ವರ್ಷ ಕಳೆದಿತ್ತು. ಅಷ್ಟು ವರ್ಷದಲ್ಲಿ ಎಷ್ಟು ಕೈಗಳು ಸೊಟ್ಟಗಾಗಿರಬೇಕು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಸ್ಟೀರಾಯ್ಡನ್ನು ದೂರಿ ನಾನು ಲೇಖನ ಮುಗಿಸಲಾರೆ. ತೀವ್ರ ಆಸ್ತಮಾದಲ್ಲಿ, ಕಣ್ಣು ಹೋಗುವಂಥ ರಕ್ತನಾಳದ ಉರಿಯೂತದಲ್ಲಿ, 2020ರ ಕೋವಿಡ್‌ನಲ್ಲಿ ಉಸಿರಿಗೆ ಒದ್ದಾಡಿದವರಲ್ಲಿ ಅದು ಜೀವ ಉಳಿಸಿದೆ. ಸಂಧಿವಾತದಲ್ಲೂ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ಮೂಳೆಯ ಸವೆತವನ್ನು ನಿಧಾನಿಸಿದ್ದು 1995ರಲ್ಲಿ ಕಂಡುಬಂತು. ಬೆನ್ನುಮೂಳೆ ಕುಸಿದ ಮೇಲೆ ನಾವು ಅಮ್ಮನನ್ನು ಕರೆದೊಯ್ದ ತಜ್ಞೆ ಹೇಳಿದ್ದೂ ಅದನ್ನೇ: "ಇದು ಕೆಟ್ಟ ಮದ್ದಲ್ಲಮ್ಮ, ಇನ್ನೊಂದು ಮದ್ದು ಹಿಡಿಯೋವರೆಗೆ ಮಾತ್ರ ಇಟ್ಕೋಬೇಕು." ಸಾಧ್ಯವಾದರೆ ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸಬೇಕೆನ್ನುವುದು ಈಗಿನ ನಡೆ. ನಮ್ಮಮ್ಮ ಏಳು ವರ್ಷ ನುಂಗಿದ್ದರಿಂದ ತಟ್ಟನೆ ನಿಲ್ಲಿಸುವಂತಿರಲಿಲ್ಲ. ಒಂದೊಂದೇ ಮಿಲಿಗ್ರಾಂ ಇಳಿಸಲು ವರ್ಷ ಹಿಡಿಯಿತು.

ಆ ತಜ್ಞೆ ಎಲ್ಲವನ್ನೂ ಮುಂದಿಟ್ಟು ಮಾತಾಡಿದರು. ಮೆಥೊಟ್ರೆಕ್ಸೇಟ್ ಹಿಡಿಯಲು ಆರು ವಾರದಿಂದ ಮೂರು ತಿಂಗಳು ಬೇಕು. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸುವಂತಿಲ್ಲ. ಮಕ್ಕಳಾಗುವ ವಯಸ್ಸಿನವರಾದರೆ ಬಸಿರಿನಲ್ಲಿ ಅದು ಕೂಡದು. ಸಾಲದಿದ್ದರೆ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜೀನ್ ಜೊತೆಗೂಡಿಸಬಹುದು. ಅದಕ್ಕೂ ಬಗ್ಗದಿದ್ದರೆ 1990ರ ದಶಕದ ಕೊನೆಯಲ್ಲಿ ಬಂದ ಬಯಾಲಜಿಕ್ ಚುಚ್ಚುಮದ್ದು. ನಮ್ಮ ದೇಶದಲ್ಲಿ ಅದಕ್ಕೆ ಮೊದಲು ಕ್ಷಯವಿದೆಯೇ ಎಂದು ನೋಡಲೇಬೇಕು, ಮೈಯಲ್ಲಿ ಮಲಗಿದ್ದ ಕ್ಷಯ ಏಳಬಹುದು. ಚೀಟಿಯಿಲ್ಲದ ಪೊಟ್ಟಣದ ಪುಡಿಗಳ ಬಗ್ಗೆ ಕೇಳಿದಾಗ ಅವರ ಮುಖ ಬಿಗಿಯಾಯಿತು. ಮೂರೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗುತ್ತಲೇ ಇದೆ.

ಅಮ್ಮನ ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಬೆಳಗಿನ ಬಿಗಿತ ಈಗ ಹತ್ತು ನಿಮಿಷ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಪೆನ್ನು ಹಿಡಿಯಲಾಗದ ಅವಳು, ಮಾತ್ರೆ ನುಂಗುವ ಪ್ರತಿ ಭಾನುವಾರ ಕ್ಯಾಲೆಂಡರಿನ ಆ ಮನೆಯಲ್ಲಿ ಕುಂಕುಮದ ಬೊಟ್ಟಿಡುತ್ತಾಳೆ. ಮರುದಿನ ಫೋಲಿಕ್ ಆಮ್ಲ. ಮೊನ್ನೆ ಅವಳು ಬೊಟ್ಟಿಡುವಾಗ ಸುಬ್ಬರಾವ್ ಕಥೆ ಹೇಳಿದೆ. ಮದ್ದಿನ ಬಗ್ಗೆ ಅವಳು ಏನೂ ಕೇಳಲಿಲ್ಲ.

"ಹೆಂಡ್ತೀನ ಊರಲ್ಲೇ ಬಿಟ್ಟು ಹೋಗಿದ್ರು ಅಂದ್ಯಲ್ಲ, ಆಮೇಲೆ ಬಂದ್ರಾ?"

"ಇಲ್ಲಮ್ಮ. ಬರಲೇ ಇಲ್ಲ."

ಅಮ್ಮ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.