ಅಡಿಕೆ, ಕ್ಯಾನ್ಸರ್ ಮತ್ತು ನಮಗೆ ಬೇಕಾದ ಉತ್ತರ

ತರೀಕೆರೆಗೆ ಅಡಿಕೆ ಹಳೆಯ ಬೆಳೆ. ಅಜ್ಜಂಪುರ, ಕಡೂರಿನ ಕಡೆ ಈರುಳ್ಳಿ, ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಕೊಳವೆಬಾವಿಯನ್ನು ನಂಬಿಕೊಂಡು ಅದು ಇಳಿದಿದೆ. ಹಾಗಾಗಿ ‘ಅಡಿಕೆ ಕ್ಯಾನ್ಸರ್‌ಕಾರಕ’ ಎಂಬ ಸುದ್ದಿಯನ್ನು ಈ ಸೀಮೆಯಲ್ಲಿ ಆರೋಗ್ಯದ ಸುದ್ದಿಯಾಗಿ ಓದುವವರು ಕಡಿಮೆ. ರಾಶಿ ಅಡಿಕೆಯ ರೇಟು ಎಷ್ಟು ಬಿತ್ತು ಎನ್ನುವುದೇ ಮೊದಲ ಪ್ರಶ್ನೆ. ಸಾಲ ಮಾಡಿ ಸಸಿ ಇಟ್ಟವರು ಬೇರೇನು ಕೇಳಿಯಾರು? ಆದರೆ ಆ ಆತಂಕದ ಬೆನ್ನಿಗೆ ಕೆಲವು ಮಾತುಗಳು ನಿಜದಂತೆ ಓಡಾಡುತ್ತಿವೆ.

‘ಕ್ಯಾನ್ಸರ್ ಬರೋದು ಹೊಗೆಸೊಪ್ಪಿಂದ, ಅಡಿಕೆಯಿಂದಲ್ಲ.’ ಇವುಗಳಲ್ಲಿ ಗಟ್ಟಿಯಾದದ್ದು ಇದೇ. ಒಂದು ಕಾಲಕ್ಕೆ ವಿಜ್ಞಾನವೂ ಇದನ್ನು ತಳ್ಳಿಹಾಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಕ್ಯಾನ್ಸರ್‌ಕಾರಕ ಎಂದದ್ದು ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಮಾತ್ರ. ಹೊಗೆಸೊಪ್ಪಿಲ್ಲದ ತಾಂಬೂಲದ ಬಗ್ಗೆ ಪುರಾವೆ ಸಾಲದು ಎಂದು ಬಿಟ್ಟಿತು. ಬಿಡದೆ ಇನ್ನೇನು? ನಮ್ಮಲ್ಲಿ ಹಲವರು ಎರಡನ್ನೂ ಒಟ್ಟಿಗೇ ಜಗಿಯುತ್ತಾರೆ, ಮೇಲೊಂದು ಬೀಡಿ. ಯಾವ ಪಾಪ ಯಾವುದರದು ಎಂದು ಬಿಡಿಸುವುದು ಸುಲಭವಲ್ಲ.

ಆ ಗಂಟು ಸಡಿಲಗೊಳ್ಳಲು ತೈವಾನ್ ನೆರವಾಯಿತು. ಅಲ್ಲಿ ಅಡಿಕೆ ಜಗಿಯುವವರು ಸಾಮಾನ್ಯವಾಗಿ ಹೊಗೆಸೊಪ್ಪು ಬೆರೆಸುವುದಿಲ್ಲ. ಆದರೂ ಬಾಯಿಯ ಕ್ಯಾನ್ಸರ್ ಅವರನ್ನು ಹಿಂಬಾಲಿಸಿತ್ತು. ಸಿಗರೇಟು, ಮದ್ಯದ ಪಾಲನ್ನು ಲೆಕ್ಕದಿಂದ ತೆಗೆದರೂ ಸಂಬಂಧ ಅಳಿಯಲಿಲ್ಲ. 2003ರಲ್ಲಿ ಮತ್ತೆ ಸೇರಿದ ತಜ್ಞರು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಒಂದನೇ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಪಟ್ಟಿಗೆ, ಸೇರಿಸಿದರು. ಅಡಿಕೆಯ ಮೇಲೆ ವಿದೇಶಿ ಪಿತೂರಿ ನಡೆದಿದೆ ಎನ್ನುವವರು ಈ ಹದಿನೆಂಟು ವರ್ಷಗಳನ್ನು ಗಮನಿಸಬೇಕು. ಪಿತೂರಿ ಮಾಡುವವರು 1985ರಲ್ಲೇ ‘ಪುರಾವೆ ಸಾಲದು’ ಎಂದು ಬರೆದು ಕೈಕಟ್ಟಿ ಕೂರುತ್ತಿರಲಿಲ್ಲ.

ಒಂದನೇ ಗುಂಪು ಎಂದರೆ ಜಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆ ಪಟ್ಟಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸಂಸ್ಕರಿಸಿದ ಮಾಂಸವೂ ಅಲ್ಲೇ ಇದೆ, ಸಿಗರೇಟೂ ಅಲ್ಲೇ. ಎರಡೂ ಸಮ ಎಂದು ಯಾರೂ ಹೇಳುತ್ತಿಲ್ಲ. ಟಿವಿ ವಾಹಿನಿಗಳಿಗೆ ಈ ವ್ಯತ್ಯಾಸ ಹೇಳುವ ವ್ಯವಧಾನವಿಲ್ಲ; ಜನರ ನಂಬಿಕೆ ಕುಸಿಯುವುದರಲ್ಲಿ ಅವುಗಳ ಪಾಲೂ ಇದೆ.

‘ನಮ್ಮಜ್ಜಿ ತೊಂಬತ್ತರವರೆಗೂ ಎಲೆಅಡಿಕೆ ಹಾಕಿದ್ದಳು.’ ಹಾಕಿರಬಹುದು. ಬದುಕಿ ಉಳಿದ ಅಜ್ಜಿಯ ಕಥೆಯನ್ನು ಮನೆಮಂದಿ ಹೇಳುತ್ತಲೇ ಇರುತ್ತಾರೆ. ಐವತ್ತಕ್ಕೇ ಹೋದವಳ ಕಥೆ ಬೇಗ ನಿಂತುಹೋಗುತ್ತದೆ. 2022ರಲ್ಲಿ ಜಗತ್ತಿನ ಸುಮಾರು 1.2 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆ ಕಾರಣ ಎಂದು ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಅದರಲ್ಲಿ ಸುಮಾರು 83 ಸಾವಿರ ಭಾರತದ್ದು.

ಇನ್ನೊಂದು ಮಾತು, ಅಡಿಕೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬುದು. ಪ್ರಯೋಗಾಲಯದ ತಟ್ಟೆಯಲ್ಲಿರುವ ಕೋಶಗಳನ್ನು ಬ್ಲೀಚಿಂಗ್ ಪುಡಿಯ ನೀರೂ ಕೊಲ್ಲುತ್ತದೆ.

2025ರ ಆರಂಭದಲ್ಲಿ ಸಾಗರದಲ್ಲಿ ಅಡಿಕೆ ಬೆಳೆಗಾರರ ಸಮಾವೇಶ ನಡೆಯಿತು. ಈ ವಿಷಯದಲ್ಲಿ ಸಂಶೋಧನೆ ಮಾಡಿಸುವುದಾಗಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅಲ್ಲಿ ಹೇಳಿದರು. ಸಂಶೋಧನೆ ಬೇಕು, ಸರಿ. ಆದರೆ ‘ಅಡಿಕೆಗೆ ಅಂಟಿದ ಕಳಂಕ ತೊಳೆಯಲು’ ಸಂಶೋಧನೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಉತ್ತರ ಮೊದಲೇ ಸಿದ್ಧವಿದೆ ಎಂದರ್ಥ. 1954ರಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟು, ತಮ್ಮದೇ ದುಡ್ಡಿನಲ್ಲಿ ಸಂಶೋಧನಾ ಸಮಿತಿ ಕಟ್ಟಿದ್ದವು. ಅನುಮಾನವನ್ನು ಜೀವಂತ ಇಡುವುದು ಅವರಿಗೆ ಬೇಕಿತ್ತು. ಹಲವು ವರ್ಷ ಇಟ್ಟರು ಕೂಡ.

ಸಚಿವರು ಹೇಳಿದ ಸಂಶೋಧನೆಯ ವರದಿ ಬಂದಾಗ ತೀರ್ಪಿಗಿಂತ ಮೊದಲು ನೋಡಬೇಕಾದದ್ದು ಬೇರೆ. ಬರೀ ಅಡಿಕೆ ಜಗಿಯುವವರನ್ನು, ಅದೇ ವಯಸ್ಸಿನ, ಏನೂ ಜಗಿಯದವರ ಜೊತೆ ಹೋಲಿಸಿದ್ದಾರೆಯೇ? ಎಷ್ಟು ಜನ, ಎಷ್ಟು ವರ್ಷ? ಹೇಗೆ ಅಳೆಯುತ್ತೇವೆ ಎಂಬುದನ್ನು ಅಳೆಯುವ ಮೊದಲೇ ಪ್ರಕಟಿಸಿದ್ದರೇ? ವಿರುದ್ಧ ಬಂದ ವರದಿಗೆ ನಾವು ಕೇಳುವ ಈ ಪ್ರಶ್ನೆಗಳನ್ನು ಪರವಾಗಿ ಬಂದದ್ದಕ್ಕೂ ಕೇಳಬೇಕು.

ಅಲ್ಲಿಯವರೆಗೂ ಕಾಯಬೇಕಿಲ್ಲದ ಒಂದು ಸಂಗತಿಯಿದೆ. ಅಡಿಕೆಯ ಅರೆಕೋಲಿನ್ ಬಾಯಿಯ ಒಳಪದರದಲ್ಲಿ ನಾರಿನಂಥ ಕೊಲಾಜೆನ್ ಹೆಚ್ಚಿಸುತ್ತದೆ. ಕೆನ್ನೆ ಒಳಗೆ ಬಿಗಿದು, ಖಾರ ಉರಿದು, ಬಾಯಿ ಕಿರಿದಾಗುತ್ತ ಹೋಗುತ್ತದೆ. ಮುಂಬೈನ ವೈದ್ಯರು ಇದನ್ನು 1953ರಲ್ಲೇ ಗುರುತಿಸಿದ್ದರು. ಪಾನ್ ಮಸಾಲ ಜಗಿಯುವ ಹುಡುಗರಲ್ಲೂ ಇದು ಕಾಣುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಬಾಯಿ ಪೂರ್ತಿ ತೆರೆದು ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಸದಿದ್ದರೆ ಜಗಿಯುವುದನ್ನು ಅಂದೇ ನಿಲ್ಲಿಸಿ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ.